ಧರ್ಮಗುರುಗಳ ವಿದೇಶ ಯಾತ್ರೆಯ ಅಂಚೆ ಚೀಟಿ: ಕತ್ತರಿ ಹಿಡಿಯುವ ಮುನ್ನ ಓದಿ

ಹಾಸನ, ಚಿಕ್ಕಮಗಳೂರು ಕಡೆಯ ಶಾಲಾ ಪ್ರದರ್ಶನಗಳಲ್ಲಿ ಅಂಚೆ ಚೀಟಿಯ ಆಲ್ಬಮ್‌ಗಳನ್ನು ತಿರುವಿ ಹಾಕಿದರೆ ಮಕ್ಕಳ ಉತ್ಸಾಹವೂ ಕಾಣುತ್ತದೆ, ಅವರ ಅಪ್ಪಂದಿರ ಆತುರವೂ ಕಾಣುತ್ತದೆ. ಹಳೆಯ ಲಕೋಟೆ ಕೈಗೆ ಸಿಕ್ಕ ಕೂಡಲೇ ಮೂಲೆಯನ್ನು ಕತ್ತರಿಸಿ, ಚೀಟಿಯನ್ನು ನೀರಿಗೆ ಹಾಕಿ, ಆಮೇಲೆ ಅಂಟು ಸವರಿ ಹಾಳೆಗೆ ಒತ್ತಿಬಿಟ್ಟಿರುತ್ತಾರೆ. ಹೂವು, ಹಕ್ಕಿಗಳ ಚೀಟಿ ಕೂಡಿಡುವವರಿಗೆ ಇದರಿಂದ ಅರ್ಧ ನಷ್ಟ. ಯಾತ್ರೆಯ ಚೀಟಿ ಕೂಡಿಡುವವರಿಗೆ ಪೂರ್ತಿ ನಷ್ಟ, ಏಕೆಂದರೆ ಯಾತ್ರೆಯ ಊರು ಮತ್ತು ದಿನಾಂಕ ಸಾಮಾನ್ಯವಾಗಿ ಉಳಿದಿರುವುದು ಮೊಹರಿನಲ್ಲಿ.

1964ರ ಡಿಸೆಂಬರ್ 2ರಂದು ಭಾರತ ಸಂತ ಥಾಮಸರ 15 ಪೈಸೆಯ ಚೀಟಿಯನ್ನು ಹೊರತಂದಿತು. ಅದರ ಮೇಲೆ ಪೋಪರ ಹೆಸರೂ ಇಲ್ಲ, ಚಿತ್ರವೂ ಇಲ್ಲ. ಆದರೆ ಕ್ಯಾಥೊಲಿಕರ ಅಂತರರಾಷ್ಟ್ರೀಯ ಯೂಕರಿಸ್ಟ್ ಸಮ್ಮೇಳನಕ್ಕೆಂದು ಪೋಪ್ ಆರನೆಯ ಪೌಲ್ ಮುಂಬಯಿಗೆ ಬಂದಿಳಿದದ್ದು ಅದೇ ದಿನ. ನೀರಿನಲ್ಲಿ ಬಿಡಿಸಿ ಒಣಗಿಸಿದರೆ ಅದು ಬರೀ ಸಂತ ಥಾಮಸರ ಚೀಟಿ. ಆ ದಿನಾಂಕದ ಮೊಹರು ಬಿದ್ದ ಲಕೋಟೆಯ ಮೇಲಿದ್ದರೆ ಯಾತ್ರೆಯ ದಾಖಲೆ.

ಮೊದಲು ಗಡಿ ಹಾಕಿಕೊಳ್ಳಿ. ವಿದೇಶಕ್ಕೆ ಹೋಗಿಬಂದ ಗುರುಗಳ ಭಾವಚಿತ್ರವಿರುವ ಚೀಟಿಗಳೆಲ್ಲ ಯಾತ್ರೆಯ ಚೀಟಿಗಳಲ್ಲ. ಸ್ವಾಮಿ ವಿವೇಕಾನಂದರ 1963ರ ಚೀಟಿ ಜನ್ಮಶತಮಾನೋತ್ಸವದ್ದು. ಷಿಕಾಗೋ ಭಾಷಣಕ್ಕೆ ನೂರು ವರ್ಷ ತುಂಬಿದಾಗ 1993ರಲ್ಲಿ ಬಂದದ್ದು ನಮಗೆ ಬೇಕಾದದ್ದು. 2018ರ ಭಾರತ–ಸರ್ಬಿಯಾ ಜಂಟಿ ಚೀಟಿಗಳಲ್ಲಿ ವಿವೇಕಾನಂದರ ಜೊತೆ ವಿಜ್ಞಾನಿ ನಿಕೊಲಾ ಟೆಸ್ಲಾ ಇದ್ದಾರೆ. ಇಬ್ಬರೂ ನ್ಯೂಯಾರ್ಕಿನಲ್ಲಿ ಭೇಟಿಯಾದವರು, ಹಾಗಾಗಿ ಅವೂ ಒಳಗೆ ಬರಲಿ. ಅಮೆರಿಕಕ್ಕೆ ಹೋಗಿಬಂದ ಸ್ವಾಮಿ ರಾಮತೀರ್ಥರ 1966ರ ಚೀಟಿ, ಅಲ್ಲಿಯೇ ನೆಲೆಸಿದ ಪರಮಹಂಸ ಯೋಗಾನಂದರ 1977ರ ಚೀಟಿ ಇವೆರಡನ್ನೂ ಬೇರೆ ಪುಟಕ್ಕೆ ಹಾಕಿ. ಎಲ್ಲವನ್ನೂ ಒಂದೇ ಪುಟದಲ್ಲಿ ತುಂಬಿದವರಿಗೆ ನಾನಂತೂ ಅಂಕ ಕೊಡುವುದಿಲ್ಲ.

ಒಂದು ಯಾತ್ರೆಗೆ ಎರಡು ಕಡೆಯ ಚೀಟಿ ಹುಡುಕಿ: ಹೊರಟ ನಾಡಿನದು, ಬರಮಾಡಿಕೊಂಡ ನಾಡಿನದು. 1964ರ ಜನವರಿಯಲ್ಲಿ ಆರನೆಯ ಪೌಲ್ ಪವಿತ್ರ ನಾಡಿಗೆ ವಿಮಾನದಲ್ಲಿ ಹೋದರು. ಅಧಿಕಾರದಲ್ಲಿದ್ದ ಪೋಪ್ ಒಬ್ಬರು ವಿಮಾನ ಹತ್ತಿದ್ದು ಅದೇ ಮೊದಲು. ವ್ಯಾಟಿಕನ್ ಬೆತ್ಲೆಹೇಮ್, ಜೆರುಸಲೇಮ್, ನಜರೇತ್‌ಗಳ ಚಿತ್ರವಿರುವ ಚೀಟಿ ತಂದರೆ, ಜೋರ್ಡಾನ್ ದೊರೆ ಹುಸೇನ್ ಮತ್ತು ಪೋಪ್ ಇಬ್ಬರನ್ನೂ ಒಂದೇ ಚೀಟಿಯಲ್ಲಿ ತಂದಿತು. ಇವೆರಡನ್ನೂ ಎದುರುಬದುರು ಪುಟದಲ್ಲಿ ಇಡಿ.

ಇನ್ನು ಎಲ್ಲಿ ಸಿಗುತ್ತವೆ? ಹೊಸ ಭಾರತೀಯ ಚೀಟಿಗಳಿಗೆ ಅಂಚೆ ಇಲಾಖೆಯಲ್ಲಿ ಮುಂಗಡ ಹಣ ಇಡುವ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆದರೆ ಮನೆಗೇ ಬರುತ್ತವೆ. ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಹಳೆಯವಕ್ಕೆ ನಮ್ಮ ಜಿಲ್ಲೆಗಳೇ ಗಣಿ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ಎಸ್ಟೇಟ್ ಬಂಗಲೆಗಳಿಗೆ, ಕಾನ್ವೆಂಟ್‌ಗಳಿಗೆ ದಶಕಗಟ್ಟಲೆ ಹೊರದೇಶದ ಪತ್ರಗಳು ಬಂದಿವೆ. ಅವು ಗುಜರಿಗೆ ಹೋಗುವ ಮೊದಲು ಕೇಳಿಕೊಳ್ಳಿ.

ಕೊಳ್ಳುವಾಗ ಎರಡು ಎಚ್ಚರಿಕೆ. 'ಮೈ ಸ್ಟಾಂಪ್' ಎಂಬುದು ಅಂಚೆ ಇಲಾಖೆಗೆ ಹಣ ಕಟ್ಟಿ ಚೀಟಿಯ ಜೊತೆ ನಮ್ಮ ಭಾವಚಿತ್ರವನ್ನೇ ಹಾಕಿಸಿಕೊಳ್ಳಬಹುದಾದ ಸೌಲಭ್ಯ. ಸ್ವಾಮೀಜಿಯವರ ಚಿತ್ರವಿರುವ ಇಂಥ ಹಾಳೆಯನ್ನು 'ಸರ್ಕಾರ ಹೊರತಂದ ಸ್ಮಾರಕ ಚೀಟಿ' ಎಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಎರಡನೆಯದು, ಯಾವುದೋ ಆಫ್ರಿಕನ್ ದೇಶದ ಹೆಸರಿನಲ್ಲಿ ಆ ದೇಶಕ್ಕೇ ಗೊತ್ತಿಲ್ಲದಂತೆ ಅಚ್ಚಾದ, ಪೋಪರ ಮಿರುಗುವ ಚಿತ್ರಗಳ ಹಾಳೆಗಳು. ಅಗ್ಗವಾಗಿ, ಅಂದವಾಗಿ ಇರುತ್ತವೆ. ಅವು ಅಂಚೆ ಚೀಟಿಗಳೇ ಅಲ್ಲ.

ಈಗ ಎಲ್ಲರೂ ಕೆಡಿಸುವ ಹಂತ. ಲಕೋಟೆ ಕೈಗೆ ಬಂದಾಗ ಮೊದಲು ಮೊಹರನ್ನು ಭೂತಗನ್ನಡಿಯಲ್ಲಿ ಓದಿ. ಯಾತ್ರೆಯ ದಿನ, ಯಾತ್ರೆಯ ಊರು, ವಿಶೇಷ ಮೊಹರು, ಚೀಟಿ ಬಿಡುಗಡೆಯಾದ ಮೊದಲ ದಿನದ ಮೊಹರು ಇವುಗಳಲ್ಲಿ ಯಾವುದೊಂದು ಇದ್ದರೂ ಲಕೋಟೆಯನ್ನು ಇಡಿಯಾಗಿಯೇ ಇಟ್ಟುಕೊಳ್ಳಿ. ಹಿಂಬದಿಯನ್ನೂ ನೋಡಿ, ತಲುಪಿದ ಊರಿನ ಮೊಹರು ಅಲ್ಲಿರಬಹುದು. ಇದ್ಯಾವುದೂ ಇಲ್ಲದ, ಮೊಹರು ಮಸಿಯಾಗಿ ಕಲೆಸಿಹೋದ ಲಕೋಟೆಯ ಚೀಟಿಗೆ ಮಾತ್ರ ನೀರು.

ಚೀಟಿಯ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ. ಚೀಟಿಯ ಅಂಚಿನ ಹಲ್ಲುಗಳಿಗೇ ಕತ್ತರಿ ತಂದರೆ ಒಂದು ಹಲ್ಲಾದರೂ ಹೋಗುತ್ತದೆ, ಹಲ್ಲು ಹೋದ ಚೀಟಿಗೆ ಬೆಲೆಯಿಲ್ಲ. ಕೆಂಪು, ಹಸಿರು, ಕಂದು ಲಕೋಟೆಗಳ ತುಂಡುಗಳನ್ನು ಬೇರೆ ಮಾಡಿ, ಒಂದೊಂದಾಗಿ ತಣ್ಣೀರಿನಲ್ಲಿ ನೆನೆಸಿ. ಅವುಗಳ ಬಣ್ಣ ಬಿಟ್ಟರೆ ಉಳಿದ ಚೀಟಿಗಳೂ ಹಾಳು. ನೇರಳೆ ಶಾಯಿಯ ಮೊಹರಿದ್ದರೂ ಅದೇ ಎಚ್ಚರ. ಉಳಿದವಕ್ಕೆ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಸಾಕು. ಬಿಸಿನೀರು ಬೇಡ, ಸೋಪು ಬೇಡ, ಇಡ್ಲಿ ಪಾತ್ರೆಯ ಹಬೆ ಖಂಡಿತ ಬೇಡ. ಚಿತ್ರ ಮೇಲೆ ಬರುವಂತೆ ಏಳೆಂಟು ತುಂಡುಗಳನ್ನಷ್ಟೇ ತೇಲಿಬಿಟ್ಟು ಕಾಯಿರಿ. ಹದಿನೈದು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಚೀಟಿ ತಾನಾಗಿಯೇ ಕಾಗದದಿಂದ ಜಾರಬೇಕು. ಉಗುರು ಹಾಕಿ ಎಳೆದರೆ ಹಿಂಬದಿಯ ಪದರ ಕಿತ್ತು ತೆಳುವಾಗುತ್ತದೆ. ಮುಂದಿನಿಂದ ಇದು ಕಾಣುವುದಿಲ್ಲ, ಬೆಳಕಿಗೆ ಹಿಡಿದವನು ಮಾತ್ರ ಬೆಲೆಯನ್ನು ಅರ್ಧಕ್ಕಿಳಿಸುತ್ತಾನೆ.

ಜಾರಿದ ಚೀಟಿಯನ್ನು ಬೇರೆ ತಟ್ಟೆಯ ಶುದ್ಧ ನೀರಿನಲ್ಲಿ ಅದ್ದಿ, ಹಿಂಬದಿಯ ಅಂಟಿನ ಜಿಗುಟು ಹೋಗಿದೆಯೇ ಎಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಅಂಟು ಉಳಿದರೆ ಒಣಗುವಾಗ ಚೀಟಿ ಸುರುಳಿ ಸುತ್ತುತ್ತದೆ. ಆಮೇಲೆ ಚಿತ್ರ ಕೆಳಗಾಗಿ ಒತ್ತುಕಾಗದದ (ಬ್ಲಾಟಿಂಗ್ ಪೇಪರ್) ಮೇಲೆ ಹರಡಿ. ಸುದ್ದಿಪತ್ರಿಕೆ ಬೇಡ (ಇದನ್ನೂ ಸೇರಿಸಿ), ಶಾಯಿ ಹತ್ತುತ್ತದೆ. ಸ್ವಲ್ಪ ತೇವ ಇರುವಾಗಲೇ ಎರಡು ಒತ್ತುಕಾಗದಗಳ ನಡುವೆ ಇಟ್ಟು ದಪ್ಪ ಪುಸ್ತಕವನ್ನು ಹೇರಿ, ಒಂದು ರಾತ್ರಿ ಬಿಡಿ. ಇಸ್ತ್ರಿ ಪೆಟ್ಟಿಗೆಯ ಅಡ್ಡದಾರಿ ಬಲ್ಲವರು ತಮ್ಮ ತಂತ್ರವನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ.

ಅಮೆರಿಕದ ಈಚಿನ ಸ್ವಯಂ ಅಂಟಿನ ಚೀಟಿಗಳು ನೀರಿಗೆ ಬಗ್ಗುವುದಿಲ್ಲ. ಅವನ್ನು ಕಾಗದದ ಸಮೇತ ಅಂದವಾಗಿ ಕತ್ತರಿಸಿ ಇಡಿ. ಬಳಸದ, ಅಂಟು ಸಹಿತವಾದ ಚೀಟಿಯನ್ನು ಎಂದೂ ನೆನೆಸಬೇಡಿ. ಒಂದಕ್ಕೊಂದು ಅಂಟಿಕೊಂಡಿದ್ದರೆ ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜನ್ನಿಟ್ಟು, ಅದಕ್ಕೆ ತಾಗದಂತೆ ಮೇಲೊಂದು ಜಾಲರಿಯಲ್ಲಿ ಚೀಟಿಗಳನ್ನು ಕೆಲವು ಗಂಟೆ ಇಟ್ಟರೆ ಬಿಡಬಹುದು. ಜುಲೈ ತಿಂಗಳಲ್ಲಿ ಸಕಲೇಶಪುರದವರಿಗೆ ಆ ಡಬ್ಬಿಯೂ ಬೇಡ.

ಆಲ್ಬಮ್ಮಿಗೆ ಹಾಕುವುದು ಸುಲಭ: ಚಪ್ಪಟೆ ತುದಿಯ ಚಿಮಟದಿಂದ ಎತ್ತಿ ಸ್ಟಾಕ್‌ಬುಕ್ಕಿನ (ಅಂಟಿಲ್ಲದೆ ಚೀಟಿ ಸಿಕ್ಕಿಸುವ ಪಟ್ಟಿಗಳಿರುವ ಆಲ್ಬಮ್) ಪಟ್ಟಿಯೊಳಗೆ ತೂರಿಸಿ. ಲಕೋಟೆಗಳಿಗೆ ಉದ್ದನೆಯ ಜೇಬುಗಳಿರುವ ಬೇರೆ ಆಲ್ಬಮ್ ಬೇಕು. ಫೋಟೊಗೆಂದು ಮಾರುವ ಜಿಗುಟು ಹಾಳೆಯ ಆಲ್ಬಮ್, ವಾಸನೆ ಹೊಡೆಯುವ ಅಗ್ಗದ ಪಿವಿಸಿ ಹಾಳೆ ಎರಡೂ ಚೀಟಿಯನ್ನು ತಿನ್ನುತ್ತವೆ. ಲ್ಯಾಮಿನೇಷನ್ ಮಾಡಿಸಿ ತಂದವರನ್ನೂ ಕಂಡಿದ್ದೇನೆ. ಅಂಥ ಚೀಟಿಯನ್ನು ಸರಿಪಡಿಸುವ ದಾರಿ ಇಲ್ಲ.

ನಮ್ಮೂರಿನವರಿಗೆ ಒಂದು ವಿನಾಯಿತಿ. ಯಾತ್ರೆ ಮುಗಿಸಿ ಬರುವಾಗ ಯೆಮೆನ್‌ನ ಮೋಕಾದಿಂದ ಕಾಫಿ ಬೀಜ ತಂದರೆಂದು ಪ್ರತೀತಿಯಿರುವ ಬಾಬಾಬುಡನ್ ಹೆಸರಿನಲ್ಲಿ, 2017ರ 100 ರೂಪಾಯಿಯ ಕಾಫಿ ಪರಿಮಳದ ಚೀಟಿಯನ್ನು ಕೊನೆಯ ಪುಟಕ್ಕೆ ಸೇರಿಸಬಹುದು. ನನ್ನದೇ ಗಡಿಯನ್ನು ನಾನೇ ದಾಟುತ್ತಿದ್ದೇನೆ, ಇರಲಿ. ಅದನ್ನು ಪದೇಪದೇ ಉಜ್ಜಿ ಮೂಸಬೇಡಿ, ನೀರಿಗೂ ಹಾಕಬೇಡಿ, ಬೇರೆ ಜೇಬಿನಲ್ಲಿಡಿ.

ಮಳೆಗಾಲದಲ್ಲಿ ಆಲ್ಬಮ್ಮುಗಳನ್ನು ಮಲಗಿಸದೆ ಪುಸ್ತಕದಂತೆ ನಿಲ್ಲಿಸಿ. ಹೊರಗೋಡೆಗೆ ತಾಗಿದ ಬೀರು, ಅಡುಗೆಮನೆಯ ಅಟ್ಟ ಎರಡೂ ಬೇಡ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಬೀರುವಿನ ಒಳಗಿಟ್ಟು ಆಗಾಗ ಬದಲಿಸಿ, ನುಸಿಗುಳಿಗೆಯನ್ನು ಚೀಟಿಗಳ ಹತ್ತಿರ ಸುಳಿಯಗೊಡಬೇಡಿ. ಬಿಸಿಲು ಬಿದ್ದ ದಿನ ಪುಟಗಳನ್ನು ನೆರಳಿನಲ್ಲಿ ಬಿಡಿಸಿ ಗಾಳಿಯಾಡಿಸಿ. ಕಂದು ಚುಕ್ಕೆ ಮೂಡಿದ ಚೀಟಿ ಕಂಡರೆ ಅದನ್ನು ಅಂದೇ ಬೇರೆ ಲಕೋಟೆಗೆ ಹಾಕಿ, ಅಕ್ಕಪಕ್ಕದ ಚೀಟಿಗಳ ಹಿಂಬದಿಯನ್ನೂ ತಪಾಸಣೆ ಮಾಡಿ.