ಫುಟ್ಟಿಲಿ ಕೀ ಫಾರ್ವರ್ಡ್ ಆಡೋದು: ನನ್ನ ಅನುಭವ

ಮೆಲ್ಬರ್ನಲ್ಲಿರೋ ನಮ್ ಕಡೆ ಜನಕ್ಕೆ ಎಂಸಿಜಿ ಅಂದ್ರೆ ಬಾಕ್ಸಿಂಗ್ ಡೇ ಟೆಸ್ಟು, ಅಷ್ಟೇ. ಮಾರ್ಚ್ ಬಂತು ಅಂದ್ರೆ ಅದೇ ಗ್ರೌಂಡು ಸೆಪ್ಟೆಂಬರ್ ತನಕ ಫುಟ್ಟಿ, ಅಂದ್ರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಪಾಲು. ಈ ಆಟ ಶುರುವಾಗಿದ್ದೂ ಕ್ರಿಕೆಟ್‌ನೋರಿಂದಾನೇ, 1858ರಲ್ಲಿ ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ ಚಳಿಗಾಲದಲ್ಲಿ ಆಟಗಾರರ ಮೈ ಜಡ್ಡು ಹಿಡೀಬಾರ್ದು ಅಂದ್ರೆ ಒಂದು ಫುಟ್‌ಬಾಲ್ ಕ್ಲಬ್ ಮಾಡಿ ಅಂತ ಪೇಪರಿಗೆ ಬರೆದ, ಮುಂದಿನ ವರ್ಷ ಮೆಲ್ಬರ್ನ್ ಕ್ಲಬ್‌ನೋರು ಕೂತು ರೂಲ್ಸ್ ಬರೆದ್ರು. ಅದಕ್ಕೇ ಇವತ್ತಿಗೂ ಕ್ರಿಕೆಟ್ ಗ್ರೌಂಡಿನ ಓವಲ್ ಮೇಲೇನೇ ಆಡೋದು.

ನಾನು ಮಂಡ್ಯ ಕಡೆಯವನು, ಸ್ಕೂಲು ಕಾಲೇಜು ಎಲ್ಲಾ ವಾಲಿಬಾಲ್ ಆಡ್ಕೊಂಡು ಬೆಳೆದೋನು. ಇಲ್ಲಿ ಕೆಲಸಕ್ಕೆ ಬಂದು ಊರಿನ ಪಶ್ಚಿಮಕ್ಕಿರೋ ಟಾರ್ನೀಟ್ ಕಡೆ ಮನೆ ಮಾಡ್ದಾಗ ಆಫೀಸಿನವನೊಬ್ಬ ಅವನ ಲೋಕಲ್ ಕ್ಲಬ್ಬಿನ ಟ್ರೇನಿಂಗಿಗೆ ಎಳ್ಕೊಂಡು ಹೋದ. ಕೋಚು ನನ್ನ ಆರಡಿ ಮೂರಿಂಚು ನೋಡಿದ್ದೇ ತಡ, ಗೋಲ್ ಕಡೆ ಕೈ ತೋರಿಸಿ ಅಲ್ಲಿ ಹೋಗಿ ನಿಂತ್ಕೋ ಅಂದ್ರು. ಎತ್ತರ ಇದ್ರೆ ಈ ಆಟದಲ್ಲಿ ಯಾರೂ ಬೇರೆ ಪ್ರಶ್ನೆ ಕೇಳಲ್ಲ. ಆಮೇಲೆ ರಿಸರ್ವ್ಸ್‌ನಲ್ಲಿ, ಸ್ವಲ್ಪ ದಿನ ಸೀನಿಯರ್ಸ್‌ನಲ್ಲಿ, ಗೋಲ್ ಎದುರಿಗೇ ನಿಲ್ಲೋ ಫುಲ್ ಫಾರ್ವರ್ಡ್ ಮತ್ತೆ ಅದಕ್ಕಿಂತ ಸ್ವಲ್ಪ ಗ್ರೌಂಡಿನ ನಡುವಿನ ಕಡೆಗೆ ನಿಲ್ಲೋ ಸೆಂಟರ್ ಹಾಫ್ ಫಾರ್ವರ್ಡ್ ಎರಡೂ ಆಡಿದೀನಿ. ಈ ಎರಡು ಜಾಗದಲ್ಲಿ ಆಡೋ ಎತ್ತರದವರನ್ನೇ ಕೀ ಫಾರ್ವರ್ಡ್ ಅನ್ನೋದು.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳ್ಬಿಡ್ತೀನಿ. ಒಂದು ಕಡೆ 18 ಜನ, ನಾಲ್ಕು ಕ್ವಾರ್ಟರ್, ಒಂದೊಂದು ತುದಿಲಿ ನಾಲ್ಕು ಕಂಬ. ಕಾಲಲ್ಲಿ ಒದ್ದ ಚೆಂಡು ಯಾರಿಗೂ ತಾಗದೆ ನಡುವಿನ ಎರಡು ಎತ್ತರದ ಕಂಬದ ಮಧ್ಯೆ ಹೋದ್ರೆ ಗೋಲ್, 6 ಪಾಯಿಂಟು. ಪಕ್ಕದ ಸಣ್ಣ ಕಂಬದ ಕಡೆ ಹೋದ್ರೆ ಬಿಹೈಂಡ್, 1 ಪಾಯಿಂಟು. ಒದ್ದ ಚೆಂಡು 15 ಮೀಟರ್ ದಾಟಿ ಬಂದು, ನಡುವೆ ಯಾರೂ ಮುಟ್ಟದೆ, ನೆಲಕ್ಕೆ ಬೀಳೋ ಮುಂಚೆ ಹಿಡಿದ್ರೆ ಅದು ಮಾರ್ಕ್, ಆವಾಗ ನಿಂತು ಆರಾಮಾಗಿ ಒದೆಯೋ ಹಕ್ಕು ನಿಮ್ಮದು. ಕೀ ಫಾರ್ವರ್ಡ್ ಕೆಲಸ ಏನಪ್ಪಾ ಅಂದ್ರೆ ಗೋಲ್ ಹತ್ರ ಮಾರ್ಕ್ ಹಿಡಿಯೋದು, ಗೋಲ್ ಒದೆಯೋದು. ಪೇಪರ್ ಮೇಲೆ ಇಷ್ಟೇ.

ವಾಲಿಬಾಲಿಂದ ನಂಗೆ ಬಂದ ದೊಡ್ಡ ಲಾಭ ಜಿಗಿಯೋ ಟೈಮಿಂಗು. ಮೇಲಿಂದ ಬರೋ ಚೆಂಡನ್ನ ನೋಡಿ ಯಾವಾಗ ಕಾಲು ಎತ್ತಬೇಕು ಅನ್ನೋದು ಇಲ್ಲಿ ಹುಟ್ಟಿ ಬೆಳೆದೋರಲ್ಲೂ ಎಷ್ಟೋ ಜನಕ್ಕೆ ಬರಲ್ಲ, ಬೇಗ ಜಿಗಿದು ಚೆಂಡಿನ ಕೆಳಗೆ ಸಿಕ್ಕಾಕೊಳ್ತಾರೆ. ಬೇರೆ ಆಟದಿಂದ ಬಂದೋರು ಈ ಜಾಗದಲ್ಲಿ ನಿಲ್ಲೋದು ಹೊಸದೇನಲ್ಲ ಬಿಡಿ, ಕಾಲಿಂಗ್‌ವುಡ್ ಕ್ಲಬ್ಬಿಗೆ ಆಡಿದ ಮೇಸನ್ ಕಾಕ್ಸ್ ಅಮೆರಿಕದ ಬಾಸ್ಕೆಟ್‌ಬಾಲ್ ಹುಡುಗ, 211 ಸೆಂಟಿಮೀಟರ್, 2018ರ ಪ್ರಿಲಿಮಿನರಿ ಫೈನಲಲ್ಲಿ, ಅಂದ್ರೆ ನಮ್ಮ ಸೆಮಿಫೈನಲ್ ಥರದ ಮ್ಯಾಚಲ್ಲಿ, ಹಿಂದಿನ ವರ್ಷದ ಚಾಂಪಿಯನ್ ರಿಚ್‌ಮಂಡ್ ಮೇಲೆ ಒಂದೇ ಕ್ವಾರ್ಟರಲ್ಲಿ 3 ಗೋಲ್ ಹೊಡೆದ, ಯಾರಿಗೂ ಅವನ ಕೈ ಮುಟ್ಟೋಕೇ ಆಗ್ಲಿಲ್ಲ. ಆದ್ರೆ ವಾಲಿಬಾಲಲ್ಲಿ ನಡುವೆ ನೆಟ್ ಇರುತ್ತೆ ಸ್ವಾಮಿ, ಇಲ್ಲಿ ಬೆನ್ನಿಗೆ ತೊಂಬತ್ತು ಕೇಜಿ ಮನುಷ್ಯ ಇರ್ತಾನೆ. ಎರಡೂ ಕಾಲು ಊರಿ ನೆಟ್ಟಗೆ ಮೇಲಕ್ಕೆ ಜಿಗಿಯೋ ಅಭ್ಯಾಸ ಬಿಡಿಸೋಕೆ ನಮ್ಮ ಕೋಚು ಬಾಳ ಕಷ್ಟ ಪಟ್ರು. ಓಡ್ಕೊಂಡು ಬಂದು ಒಂದೇ ಕಾಲಲ್ಲಿ ಜಿಗಿದು ಇನ್ನೊಂದು ಮಂಡಿ ಮೇಲೆತ್ತಬೇಕು, ಹಾಗೆ ಮಾಡಿದ್ರೆ ಓಟದ ವೇಗ ಮೈಯಲ್ಲಿ ಉಳಿಯುತ್ತೆ, ಮುಂದೆ ಇರೋನು ತಳ್ಳಿದ್ರೂ ಗಾಳಿಯಲ್ಲಿ ತಿರುಗಿ ಬೀಳಲ್ಲ. ಕೈ ಮುಖಕ್ಕಿಂತ ಮುಂದೆ ಇರ್ಬೇಕು, ಎರಡೂ ಹೆಬ್ಬೆರಳು ಹತ್ತಿರ, ಚೆಂಡು ಬೆರಳಿಗೆ ಸಿಗ್ಬೇಕು. ಎದೆಗೆ ಬರ್ಲಿ ಅಂತ ಕಾಯ್ತಾ ನಿಂತ್ರೆ ಅಷ್ಟರಲ್ಲಿ ಹಿಂದಿನಿಂದ ಒಂದು ಮುಷ್ಟಿ ಬಂದು ಚೆಂಡನ್ನ ಬೌಂಡರಿ ಕಡೆ ಕಳಿಸಿರುತ್ತೆ. ಅದೇ ಸ್ಪಾಯಿಲ್. ಡಿಫೆಂಡರ್‌ಗೆ ಮಾರ್ಕ್ ಹಿಡಿಯೋ ದರ್ದೇ ಇಲ್ಲ, ಕೆಡಿಸಿದ್ರೆ ಅವನ ಕೆಲಸ ಆಯ್ತು. ನೀವು ಹಿಡಿಯಬೇಕು, ಅವನು ಕೆಡಿಸಿದ್ರೆ ಸಾಕು, ಈ ಜಾಗದ ಅರ್ಧ ಕಷ್ಟ ಇಲ್ಲೇ ಇದೆ.

ಇನ್ನು ಬಾಡಿ ವರ್ಕ್. ಟೀವಿಲಿ ನೋಡೋರಿಗೆ ಕಾಣೋದು ಜಿಗಿತ, ಆದ್ರೆ ಉದ್ದದ ಕಿಕ್ ಬಂದಾಗ ಯಾರು ಹಿಡೀತಾರೆ ಅನ್ನೋದು ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ತೀರ್ಮಾನ ಆಗಿರುತ್ತೆ. ಚೆಂಡು ಎಲ್ಲಿ ಬೀಳುತ್ತೆ ಅಂತ ಮೊದಲು ಓದಿ, ಆ ಜಾಗಕ್ಕೆ ಒಂದು ಹೆಜ್ಜೆ ಹಿಂದೆ ನಿಂತು, ಸೊಂಟ ಇಳಿಸಿ, ಮೊಣಕೈ ಮಡಚಿ ಡಿಫೆಂಡರ್‌ನ ಆ ಜಾಗದಿಂದ ಹೊರಗಿಡಬೇಕು. ಕೆಎಸ್ಸಾರ್ಟಿಸಿ ಬಸ್ಸು ನಿಲ್ಲೋಕ್ ಮುಂಚೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಥೇಟ್ ಅದೇ, ಜಾಗ ಮೊದಲು, ಕೂರೋದು ಆಮೇಲೆ. ಬೇಗ ಹೋಗಿ ಜಾಗದ ಮೇಲೇ ನಿಂತ್ರೆ ಮಾತ್ರ ಕಷ್ಟ, ಅವನು ಹಿಂದಿನಿಂದ ಸ್ವಲ್ಪವೇ ಸ್ವಲ್ಪ ಸರಿಸಿದ್ರೂ ಚೆಂಡು ತಲೆ ಮೇಲೆ ಹಾದು ಹೋಗುತ್ತೆ. ಬೆನ್ನಿಗೆ ತಳ್ಳಿದ್ರೆ ಫ್ರೀ ಕಿಕ್, ಮಾರ್ಕ್ ಹಿಡಿಯೋ ಕೈಗೆ ಹೊಡೆದ್ರೂ ಫ್ರೀ ಕಿಕ್, ಎರಡೂ ರೂಲಲ್ಲಿದೆ. ಆದ್ರೆ ಲೋಕಲ್ ಮ್ಯಾಚಲ್ಲಿ ಅಂಪೈರು ಇನ್ನೂ ಅರ್ಧ ಗ್ರೌಂಡ್ ದೂರದಲ್ಲಿ ಏದುಸಿರು ಬಿಡ್ತಾ ಓಡಿ ಬರ್ತಿರ್ತಾರೆ, ಫುಲ್ ಫಾರ್ವರ್ಡ್‌ನ ಕಾಯೋ ಡಿಫೆಂಡರ್, ಅಂದ್ರೆ ಫುಲ್ ಬ್ಯಾಕ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಜೆರ್ಸಿ ತುದಿ ಎರಡು ಬೆರಳಲ್ಲಿ ಹಿಡ್ಕೊಳ್ಳೋದು, ಜಿಗಿಯೋ ಕ್ಷಣಕ್ಕೆ ಸೊಂಟಕ್ಕೆ ಒಂದು ಸಣ್ಣ ಗುದ್ದು, ಇಡೀ ಮಧ್ಯಾಹ್ನ ಕಿವಿ ಹತ್ರ ಏನಾದ್ರೂ ಗೊಣಗ್ತಾ ಇರೋದು. ನಾನು ವಾಪಸ್ ಕನ್ನಡದಲ್ಲಿ ಗೊಣಗ್ತಿದ್ದೆ. ಅರ್ಥ ಆಗದೆ ಇರೋ ಬೈಗುಳಕ್ಕೆ ಏನ್ ಉತ್ತರ ಕೊಡ್ಬೇಕು ಅಂತ ಅವರಿಗೆ ಗೊತ್ತಾಗ್ತಿರಲಿಲ್ಲ, ಇದು ನಂಗಿದ್ದ ಒಂದು ಅನುಕೂಲ ಅಂತಾನೇ ಹೇಳ್ಬೇಕು.

ನನ್ ಕೇಳಿದ್ರೆ ಎತ್ತರ, ಜಿಗಿತ, ತೂಕ ಎಲ್ಲಕ್ಕಿಂತ ಮೇಲೆ ಲೀಡ್. ಲೀಡ್ ಅಂದ್ರೆ ಚೆಂಡು ಒದೆಯೋನ ಕಡೆಗೆ ಡಿಫೆಂಡರ್‌ನ ಬಿಟ್ಟು ಓಡಿ ಬರೋದು. ಇದರಲ್ಲಿ ಗುಟ್ಟು ಇರೋದು ಯಾವಾಗ ಹೊರಡಬೇಕು ಅನ್ನೋದ್ರಲ್ಲಿ. ನಮ್ಮ ಮಿಡ್‌ಫೀಲ್ಡರ್ ಕೈಗೆ ಚೆಂಡು ಸಿಕ್ಕ ತಕ್ಷಣ ಓಡಿದ್ರೆ ದಂಡ, ಅವನು ಇನ್ನೂ ಬಗ್ಗಿರ್ತಾನೆ, ಮೈಮೇಲೆ ಯಾರೋ ಬೀಳ್ತಿರ್ತಾರೆ. ಅವನು ತಲೆ ಎತ್ತಿ ಮುಂದೆ ನೋಡೋ ಆ ಕ್ಷಣಕ್ಕೆ ನನ್ನ ಮೊದಲ ಮೂರು ಹೆಜ್ಜೆ ಬಿದ್ದಿರ್ಬೇಕು. ಅದಕ್ಕೂ ಮುಂಚೆ ಡಿಫೆಂಡರ್ ಮೈಗೆ ಭುಜ ತಾಗಿಸಿ ಗೋಲ್ ಕಡೆ ಒಂದು ಹೆಜ್ಜೆ ಹಾಕ್ತೀನಿ, ಅವನೂ ಹಿಂದೆ ವಾಲ್ತಾನೆ, ಅವನ ತೂಕ ಹಿಮ್ಮಡಿಗೆ ಹೋಯ್ತಾ, ಹೊರಟೆ. ನೇರ ಓಡಲ್ಲ, ಸ್ವಲ್ಪ ಓರೆಗೆ, ಯಾಕಂದ್ರೆ ಇಬ್ರು ಫಾರ್ವರ್ಡ್ ಒಂದೇ ಜಾಗಕ್ಕೆ ನುಗ್ಗಿದ್ರೆ ಇಬ್ಬರ ಡಿಫೆಂಡರೂ ಅಲ್ಲೇ ಬರ್ತಾರೆ. ಎರಡು ಮೂರು ಸಲ ಹೀಗೆ ಮುಂದೆ ಬಂದ್ಮೇಲೆ ಅವನು ಹಠಕ್ಕೆ ಬಿದ್ದು ನನ್ನ ಜೊತೆ ಜೋರಾಗಿ ಓಡೋಕೆ ಶುರು ಮಾಡ್ತಾನೆ, ಆವಾಗ ನಾಲ್ಕು ಹೆಜ್ಜೆ ಬಂದು ಗಕ್ಕಂತ ತಿರುಗಿ ವಾಪಸ್ ಗೋಲ್ ಕಡೆ ಓಡಿದ್ರೆ ನಮ್ಮೋನು ಚೆಂಡನ್ನ ಮೇಲಿಂದ ದಾಟಿಸ್ತಾನೆ. ಆ ಮಾರ್ಕ್ ಹಿಡಿಯೋ ಸುಖ ಇದ್ಯಲ್ಲ, ಸುತ್ತ ಹತ್ತು ಮೀಟರ್ ಯಾರೂ ಇರಲ್ಲ.

ಆದ್ರೆ ಹತ್ತು ಲೀಡ್ ಮಾಡಿದ್ರೆ ಚೆಂಡು ಎರಡಕ್ಕೆ ಬಂದ್ರೆ ಅದೇ ದೊಡ್ಡದು. ಮಿಕ್ಕಿದ್ದೆಲ್ಲ ಬರೀ ಓಟ. ಕಿಕ್ ಮಾಡೋನು ಬೇರೆ ಕಡೆ ನೋಡಿರ್ತಾನೆ, ಇಲ್ಲಾ ಚೆಂಡು ಕಾಲಿನ ಪಕ್ಕಕ್ಕೆ ಬಿದ್ದು ಎಲ್ಲೋ ಹೋಗಿರುತ್ತೆ. ಇದನ್ನ ಸಹಿಸೋದು ಕಷ್ಟ. ನಮ್ಮ ಪಶ್ಚಿಮದ ಸಬರ್ಬ್‌ಗಳಲ್ಲಿ ಗ್ರೌಂಡಿನ ಸುತ್ತ ಮರ ಕಮ್ಮಿ, ಗಾಳಿ ಅಂದ್ರೆ ಗಾಳಿ, ಎದುರುಗಾಳಿಗೆ ಆಡೋ ಕ್ವಾರ್ಟರಲ್ಲಿ ಚೆಂಡು ನನ್ನ ಕಡೆ ಬರೋದೇ ಅಪರೂಪ. ಸುಮ್ಮನೆ ನಿಂತು ಮೈ ತಣ್ಣಗಾಗಿ ಆಮೇಲೆ ಇದ್ದಕ್ಕಿದ್ದಂಗೆ ಓಡಿದ್ರೆ ಹ್ಯಾಮ್‌ಸ್ಟ್ರಿಂಗ್ ಹಿಡ್ಕೊಳ್ಳುತ್ತೆ. ಅಂಥ ಹೊತ್ತಲ್ಲಿ ನಾನು ಸೆಂಟರ್ ದಾಟಿ ನಮ್ಮ ಬ್ಯಾಕ್‌ಲೈನ್ ಕಡೆ ಹೋಗಿ ಬೌಂಡರಿ ಪಕ್ಕ ನಿಲ್ತಿದ್ದೆ, ಒತ್ತಡದಲ್ಲಿರೋ ನಮ್ಮ ಡಿಫೆಂಡರ್ ಕಣ್ಮುಚ್ಚಿ ಉದ್ದಕ್ಕೆ ಒದ್ದಾಗ ಅಲ್ಲಿ ಒಬ್ಬ ಎತ್ತರದವನು ಬೇಕೇ ಬೇಕು, ಮಾರ್ಕ್ ಸಿಗದಿದ್ರೂ ಚೆಂಡು ಎದುರಾಳಿ ಕೈಗೆ ಹೋಗಬಾರದು, ಲೈನ್ ಆಚೆ ಹೋದ್ರೂ ಸರಿ. ಈ ಕೆಲಸಕ್ಕೆ ಸ್ಕೋರ್‌ಬೋರ್ಡಲ್ಲಿ ಹೆಸರಿಲ್ಲ. ಗೋಲ್ ಎಷ್ಟು ಹೊಡ್ದೆ ಅಂತ ಸೋಮವಾರ ಆಫೀಸಲ್ಲಿ ಕೇಳ್ತಾರೆ, ಸೊನ್ನೆ ಅಂದ್ರೆ ಪಾಪ ಅನ್ನೋ ಮುಖ ಮಾಡ್ತಾರೆ.

ಇನ್ನೊಂದು ಹೆಸರಿಲ್ಲದ ಕೆಲಸ ಚೆಂಡನ್ನ ನೆಲಕ್ಕೆ ಬೀಳಿಸೋದು. ಈಗಿನ ಡಿಫೆನ್ಸ್ ಒಬ್ಬರಿಗೊಬ್ಬರು ಅನ್ನೋ ಲೆಕ್ಕದಲ್ಲಿ ನಿಲ್ಲಲ್ಲ, ಜಾಗ ಹಂಚ್ಕೊಂಡು ನಿಲ್ತಾರೆ, ಚೆಂಡು ಎತ್ತರಕ್ಕೆ ಬಂತು ಅಂದ್ರೆ ಇಬ್ರು ಮೂರು ಜನ ನನ್ನ ಮೇಲೆ ಬೀಳ್ತಾರೆ. ಟೋನಿ ಲಾಕೆಟ್ 1360 ಗೋಲ್ ಹೊಡೆದ, ಅದು ಸಾರ್ವಕಾಲಿಕ ದಾಖಲೆ, ಅವನ ಕಾಲದಲ್ಲಿ ಫುಲ್ ಫಾರ್ವರ್ಡ್ ಮುಂದೆ ಖಾಲಿ ಜಾಗ ಇರ್ತಿತ್ತು. ಒಂದೇ ಸೀಸನ್ನಲ್ಲಿ ನೂರು ಗೋಲ್ ದಾಟಿದ ಕೊನೆಯವನು ಲಾನ್ಸ್ ಫ್ರಾಂಕ್ಲಿನ್, 2008ರಲ್ಲಿ 113, ಆಮೇಲೆ ಯಾರ ಕೈಲೂ ಆಗಿಲ್ಲ. ಸೆಂಟರ್ ಬೌನ್ಸ್, ಅಂದ್ರೆ ಗ್ರೌಂಡಿನ ನಡುವಿಂದ ಆಟ ಶುರು ಮಾಡೋ ಹೊತ್ತಲ್ಲಿ ಎರಡೂ ತುದಿಲಿ ಒಂದೊಂದು ಟೀಮಿನ ಆರಾರು ಜನ ಇರಲೇಬೇಕು ಅಂತ ಈ ಆಟದ ದೊಡ್ಡ ಲೀಗ್ ಎಎಫ್ಎಲ್ 2019ರಲ್ಲಿ ರೂಲ್ ತಂದಿದ್ದೂ ಈ ಗುಂಪು ಬಿಡಿಸೋಕೇನೇ. ಮೂರು ಜನ ನನ್ನ ಮೇಲಿದ್ದಾರೆ ಅಂದ್ರೆ ನಮ್ಮೋರಲ್ಲಿ ಇಬ್ರು ಫ್ರೀ ಇದ್ದಾರೆ ಅಂತ ಅರ್ಥ. ಆವಾಗ ಮಾರ್ಕ್ ಆಸೆ ಬಿಟ್ಟು ಯಾರಿಗೂ ಹಿಡಿಯೋಕೆ ಬಿಡದೆ ಚೆಂಡು ನನ್ನ ಕಾಲ ಬುಡಕ್ಕೆ ಬೀಳೋ ಥರ ಮಾಡ್ಬೇಕು, ನಮ್ಮ ಸಣ್ಣ ಹುಡುಗರು ಫ್ರಂಟ್ ಅಂಡ್ ಸ್ಕ್ವೇರ್, ಅಂದ್ರೆ ಗುಂಪಿನ ಎದುರಿಗೇ ನಾಲ್ಕೈದು ಮೀಟರ್ ದೂರಕ್ಕೆ ಓಡಿ ಬಂದು ಎತ್ಕೊಂಡು ಗೋಲ್ ಬಾರಿಸ್ತಾರೆ. ನಮ್ಮ ಟೀಮಲ್ಲಿ ಒಬ್ಬ ವಿಯೆಟ್ನಾಂ ಮೂಲದ ಹುಡುಗ ಇದ್ದ, ನನ್ನ ಹೆಗಲ ತನಕ ಬರ್ತಿದ್ದ, ಅವನ ಗೋಲಲ್ಲಿ ಅರ್ಧಕ್ಕೆ ನಂಗೆ ಸಾಲಗಾರ ಅಂತ ಅವನೇ ಬಾರಲ್ಲಿ ಬಿಲ್ ಕೊಡ್ತಿದ್ದ.

ಜುಲೈ ಮಳೆಯಲ್ಲಿ ಮಾತ್ರ ನಮ್ಮಂಥೋರಿಗೆ ಬೆಲೆ ಇಲ್ಲ. ಲೆದರ್ ಚೆಂಡು ಒದ್ದೆ ಆಯ್ತು ಅಂದ್ರೆ ಬೆರಳಲ್ಲಿ ನಿಲ್ಲಲ್ಲ, ಆಟ ಎಲ್ಲಾ ನೆಲದ ಮೇಲೆ, ಬಗ್ಗಿ ಎತ್ತೋದ್ರೊಳಗೆ ಗಿಡ್ಡ ಡಿಫೆಂಡರ್ ಎತ್ಕೊಂಡು ಹೋಗಿರ್ತಾನೆ. ಅಂಥ ದಿನ ಅಟ್ಟಿಸ್ಕೊಂಡು ಹೋಗಿ ಟ್ಯಾಕಲ್ ಮಾಡೋದೊಂದೇ ದಾರಿ.

ಸೆಟ್ ಶಾಟ್, ಅಂದ್ರೆ ಮಾರ್ಕ್ ಹಿಡಿದ್ಮೇಲೆ ನಿಂತು ಗೋಲಿಗೆ ಒದೆಯೋದು, ಅದರ ಬಗ್ಗೆ ಹೇಳದೆ ಇದ್ರೆ ಈ ಬರಹ ಅರ್ಧಂಬರ್ಧ. ಮಾರ್ಕ್ ಹಿಡಿದ್ಮೇಲೆ ಎಎಫ್ಎಲ್‌ನಲ್ಲಿ 30 ಸೆಕೆಂಡ್ ಕೊಡ್ತಾರೆ. ಅಷ್ಟು ಹೊತ್ತು ಈ ಆಟದಲ್ಲಿ ಬೇರೆ ಯಾರಿಗೂ ಯೋಚನೆ ಮಾಡೋಕೆ ಸಿಗಲ್ಲ, ಅದೇ ತೊಂದರೆ. ನಾನು ಮೊದಲು ಹಿಂದೆ ನಡೀತೀನಿ, ಗೋಲ್ ಹಿಂದಿರೋ ಯಾವ್ದಾದ್ರೂ ಮರದ ಕೊಂಬೆ ಇಲ್ಲಾ ಕಾರಿನ ಗಾಜು ಗುರುತು ಇಟ್ಕೋತೀನಿ, ಯಾಕಂದ್ರೆ ಕಂಬ ನೋಡ್ತಾ ಇದ್ರೆ ಚೆಂಡು ಕಂಬಕ್ಕೇ ಹೋಗುತ್ತೆ. ಎಸೆಂಡನ್ ಕ್ಲಬ್ಬಿನ ಮ್ಯಾಥ್ಯೂ ಲಾಯ್ಡ್ ಹುಲ್ಲು ಕಿತ್ತು ಗಾಳಿಗೆ ತೂರಿ ನೋಡ್ತಿದ್ದ, ಛಾವಣಿ ಮುಚ್ಚಿರೋ ಡಾಕ್‌ಲ್ಯಾಂಡ್ಸ್ ಸ್ಟೇಡಿಯಮ್ಮಲ್ಲೂ ಅದನ್ನೇ ಮಾಡ್ತಿದ್ದ ಅಂತ ಜನ ನಗ್ತಾರೆ, ಆದ್ರೆ 926 ಗೋಲ್ ಹೊಡೆದವನ ಮೇಲೆ ನಗೋಕೆ ನಾವ್ಯಾರು, ಪ್ರತಿ ಸಲ ಅದನ್ನೇ ಮಾಡಿದ್ರೆ ತಲೆ ಬೇರೆ ಕಡೆ ಹೋಗಲ್ಲ. ಆಮೇಲೆ ಚೆಂಡು ಬಿಡೋದು. ಒದೆಯೋದು ಕಾಲಾದ್ರೂ ಕೆಡೋದು ಕೈಯಲ್ಲೇ. ಬಲಗಾಲಲ್ಲಿ ಡ್ರಾಪ್ ಪಂಟ್, ಅಂದ್ರೆ ಕೈಯಿಂದ ಬಿಟ್ಟ ಚೆಂಡನ್ನ ನೆಲಕ್ಕೆ ಬೀಳೋ ಮುಂಚೆ ಒದೆಯೋನಿಗೆ ಎಡಗೈ ಮೊದಲು ಬಿಡುತ್ತೆ, ಬಲಗೈ ಚೆಂಡನ್ನ ಸೊಂಟದ ಕೆಳಗಿನ ತನಕ ಕರ್ಕೊಂಡು ಹೋಗಿ ಬಿಡ್ಬೇಕು. ಎಷ್ಟು ಕೆಳಗೆ ಬಿಡ್ತೀರೋ ಅಷ್ಟು ಕಮ್ಮಿ ದೂರ ಅದು ಗಾಳಿಯಲ್ಲಿ ಒಂಟಿಯಾಗಿರುತ್ತೆ, ಅಷ್ಟು ಕಮ್ಮಿ ಅಲ್ಲಾಡುತ್ತೆ. ಕಾಲ್ಬೆರಳು ಚಾಚಿ ಚೆಂಡಿನ ಕೆಳತುದಿಗೆ ಹೊಡೆದ್ರೆ ಅದು ಹಿಂದಕ್ಕೆ ಸುತ್ತುತ್ತಾ ನೆಟ್ಟಗೆ ಹೋಗುತ್ತೆ. ಮಾರ್ಕ್ ಹಿಡಿದ ಜಾಗದಿಂದ ಗೋಲ್ ನಡುವಿಗೆ ಎಳೆದ ಗೆರೆ ಬಿಟ್ಟು ಆಚೀಚೆ ಹೋದ್ರೆ ಅಂಪೈರ್ ಪ್ಲೇ ಆನ್ ಅಂತಾರೆ, ಅಂದ್ರೆ ಆಟ ಮತ್ತೆ ಶುರು, ಎದುರಾಳಿ ಮೇಲೆ ಬೀಳಬಹುದು. ಫ್ರಾಂಕ್ಲಿನ್ ಎಡಗಾಲಿನೋನು, ಅವನ ಓಟ ತಾನಾಗೇ ಎಡಕ್ಕೆ ಬಾಗ್ತಿತ್ತು, ಹಾಗೆ ಬಾಗಿ ಬಾಗೀನೇ 2022ರಲ್ಲಿ ಸಿಡ್ನಿ ಗ್ರೌಂಡಲ್ಲಿ ಸಾವಿರನೇ ಗೋಲ್ ಹೊಡೆದಾಗ ಜನ ಮೈದಾನಕ್ಕೇ ನುಗ್ಗಿದ್ರು. ಹಾಗಂತ ಅದನ್ನ ನೋಡಿ ಕಾಪಿ ಮಾಡೋಕೆ ಹೋಗ್ಬೇಡಿ.

ಮೈ ತೆರೋ ಬೆಲೇನೂ ಇದೆ. ಅತಿ ಹೆಚ್ಚು ಗೋಲ್ ಹೊಡೆದವರಿಗೆ ಕೊಡೋ ಮೆಡಲ್ಲು ಜಾನ್ ಕೋಲ್‌ಮನ್ ಹೆಸರಲ್ಲಿದೆ, 98 ಮ್ಯಾಚಿಗೆ 537 ಗೋಲ್ ಹೊಡೆದವನು, 1954ರಲ್ಲಿ ಮಂಡಿ ಹೋಗಿ ಅಲ್ಲಿಗೇ ಆಟ ಮುಗೀತು. ನಂದು ಬೆರಳು. ಮೂರು ಬೆರಳಿಗೆ ಟೇಪ್ ಸುತ್ಕೊಂಡೇ ಕೀಬೋರ್ಡ್ ಕುಟ್ಟಿದೀನಿ. ವಿಡಿಯೋ ಕಾಲಲ್ಲಿ ಅಮ್ಮ ನೋಡಿ, "ಏನೋ ಅದು ಬೆರಳು ಬದನೆಕಾಯಿ ಆದಂಗಾಗಿದೆ, ಕ್ರಿಕೆಟ್ ಆಡ್ಬಾರ್ದೇನೋ ಎಲ್ಲರ ಥರ" ಅಂತಾರೆ.

ಈಗ ವಯಸ್ಸಾಯ್ತು, ಕೋಚು ನನ್ನ ಫುಲ್ ಬ್ಯಾಕ್‌ಗೆ ಹಾಕಿದಾರೆ. ದೊಡ್ಡ ಲೆವೆಲ್‌ನಲ್ಲೂ ಇದು ಇದ್ದದ್ದೇ, ಜೆರೆಮಿ ಹೌ ಮೆಲ್ಬರ್ನ್ ಕ್ಲಬ್ಬಿಗೆ ಫಾರ್ವರ್ಡಾಗಿ ಜಿಗಿದು ಜಿಗಿದು ಮಾರ್ಕ್ ಹಿಡೀತಿದ್ದೋನು, ಕಾಲಿಂಗ್‌ವುಡ್‌ಗೆ ಬಂದು ಡಿಫೆಂಡರ್ ಆದ. ಹಿಂದೆ ಬಂದ್ಮೇಲೆ ಇನ್ನೂ ಚೆನ್ನಾಗಿ ಕಾಣುತ್ತೆ. ನನಗಿಂತ ಎತ್ತರದೋನು ಬಂದು ನಿಂತಲ್ಲೇ ನಿಂತಿದ್ರೆ ಚಿಂತೆ ಇಲ್ಲ, ಜೊತೆಗೆ ಜಿಗಿದು ಮುಷ್ಟಿ ಹಾಕ್ತೀನಿ, ಜೆರ್ಸಿ ಹಿಡಿಯೋದೂ ಕಲ್ತಿದೀನಿ. ಆದ್ರೆ ಒಬ್ಬ ಇರ್ತಾನೆ, ಎತ್ತರ ಅಷ್ಟಕ್ಕಷ್ಟೇ, ಒಂದು ಚೆಂಡೂ ಅವನ ಕಡೆ ಬಂದಿರಲ್ಲ, ಆದ್ರೂ ನಾಲ್ಕನೇ ಕ್ವಾರ್ಟರಲ್ಲೂ ಮೊದಲನೇ ಲೀಡ್ ಥರಾನೇ ಹೊರಡ್ತಾನೆ, ತಿರುಗ್ತಾನೆ, ಮತ್ತೆ ಹೊರಡ್ತಾನೆ. ಅಂಥೋನು ಸಿಕ್ಕಿದ ದಿನ ಕ್ವಾರ್ಟರ್ ಬ್ರೇಕಲ್ಲೇ ಕೋಚ್ ಹತ್ರ ಹೋಗಿ, ಇವನನ್ನ ಯಾರಾದ್ರೂ ಚಿಕ್ಕ ಹುಡುಗನಿಗೆ ದಾಟಿಸಿ ಅಂತ ಕೇಳ್ಕೋತೀನಿ.