ಹೆಸರು ಹೊರಬೀಳದಂತೆ ದೂರು ಕೊಡುವುದು ಹೇಗೆ?

ಸುವರ್ಣ ಚತುಷ್ಪಥ ಕಾಮಗಾರಿಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ, ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಕೋರರ ಕೃತ್ಯ ಎಂದು ಸಿಬಿಐ ಹೇಳಿತು. ಆದರೆ ದೂರುದಾರರ ಹೆಸರು ಎಷ್ಟು ಸಲೀಸಾಗಿ ಕೈ ಬದಲಾಗುತ್ತದೆ ಎಂಬುದು ದೇಶಕ್ಕೆಲ್ಲ ಗೊತ್ತಾಗಿ ಹೋಗಿತ್ತು. ಸುಪ್ರೀಂ ಕೋರ್ಟ್ ಚುರುಕು ಮುಟ್ಟಿಸಿದ ಮೇಲೆ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಅಕ್ರಮ ತಿಳಿಸುವವರ ಹೆಸರು ಗುಟ್ಟಾಗಿಡುವ ಪಿಐಡಿಪಿಐ (ಪಬ್ಲಿಕ್ ಇಂಟರೆಸ್ಟ್ ಡಿಸ್‌ಕ್ಲೋಷರ್ ಅಂಡ್ ಪ್ರೊಟೆಕ್ಷನ್ ಆಫ್ ಇನ್‌ಫಾರ್ಮರ್ಸ್) ನಿರ್ಣಯ ಹೊರಡಿಸಿತು. 2014ರಲ್ಲಿ ಇಂಥ ದೂರುದಾರರನ್ನು ರಕ್ಷಿಸುವ ಕಾಯ್ದೆಗೂ ರಾಷ್ಟ್ರಪತಿ ಅಂಕಿತ ಬಿತ್ತು, ಜಾರಿ ಮಾತ್ರ ಆಗಲಿಲ್ಲ. ಹಾಗಾಗಿ ಕೇಂದ್ರ ಸರ್ಕಾರಿ ಕಚೇರಿ, ಸಾರ್ವಜನಿಕ ಉದ್ದಿಮೆ, ಸರ್ಕಾರಿ ಬ್ಯಾಂಕುಗಳ ಅಕ್ರಮ ಬಯಲಿಗೆಳೆಯುವವರಿಗೆ ಆಸರೆ ಆ ಹಳೆಯ ನಿರ್ಣಯವೇ.

ದೂರು ಬರೆಯುವಾಗ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ‘ನಾನು ಬಿಲ್ ತಡೆಹಿಡಿದಾಗ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದು ಗದರಿದರು’ ಎಂದು ಬರೆದಿರೋ, ಸಹಿಯೇ ಬೇಡ. ಬಿಲ್ ತಡೆಹಿಡಿದವರು ಯಾರೆಂದು ಇಡೀ ಸೆಕ್ಷನ್ನಿಗೆ ಗೊತ್ತು. ‘ಇಂಥ ಟೆಂಡರ್, ಇಂಥ ತಾರೀಕಿನ ಬಿಲ್, ಅಳತೆ ಪುಸ್ತಕದ ಇಂಥ ಪುಟದಲ್ಲಿ ದಾಖಲಾದ ಕೆಲಸ ಸ್ಥಳದಲ್ಲಿ ನಡೆದೇ ಇಲ್ಲ’ ಎಂದು ಬರೆಯಿರಿ. ನಿಮ್ಮ ಸಿಟ್ಟು, ನಿಮಗಾದ ಅನ್ಯಾಯ, ಬಡ್ತಿ ತಪ್ಪಿದ ಕಥೆ ಯಾವುದೂ ಬೇಡ. ತನಿಖೆಗೆ ಬಂದವರು ನಿಮ್ಮ ಸಹಾಯವಿಲ್ಲದೆ ಹೋಗಿ ನೋಡಬಹುದಾದ ವಿವರ ಸಾಕು.

ದಾಖಲೆಯ ನಕಲು ಲಗತ್ತಿಸುವ ಮುನ್ನ ಅದು ಎಷ್ಟು ಜನರ ಕೈಗೆ ಬಂದಿತ್ತು ಎಂದು ಯೋಚಿಸಿ. ಮೂವರಿಗೆ ಮಾತ್ರ ಬಂದ ಇ–ಮೇಲ್ ಆದರೆ ಸಂಶಯ ಮೂವರ ಮೇಲೇ. ರೆಕಾರ್ಡ್ ರೂಮಿನಿಂದ ಕಡತ ತರಿಸಿಕೊಂಡರೆ ರಿಜಿಸ್ಟರಿನಲ್ಲಿ ನಿಮ್ಮ ಸಹಿ ಕೂತಿರುತ್ತದೆ. ಕಡತ ಸಂಖ್ಯೆ, ಪುಟ ಸಂಖ್ಯೆ ಕೊಟ್ಟರೂ ನಡೆಯುತ್ತದೆ. ಆಫೀಸಿನ ಕಂಪ್ಯೂಟರ್, ಪ್ರಿಂಟರ್ ಮುಟ್ಟಲೇಬೇಡಿ.

ಲಕೋಟೆ

ಮುಚ್ಚಿದ ಲಕೋಟೆಯ ಮೇಲೆ ‘ಪಿಐಡಿಪಿಐ ಅಡಿ ದೂರು’ ಎಂದು ಎದ್ದು ಕಾಣುವಂತೆ ಬರೆದು, ದೆಹಲಿಯ ಸತರ್ಕತಾ ಭವನದಲ್ಲಿರುವ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಅಂಚೆಯಲ್ಲಿ ಕಳಿಸಿ. ಈ ಒಕ್ಕಣೆ ಇಲ್ಲದಿದ್ದರೆ ನಿಮ್ಮ ಪತ್ರ ಮಾಮೂಲಿ ದೂರು, ಹೆಸರು ಕಾಯುವ ಹೊಣೆ ಆಯೋಗಕ್ಕಿರುವುದಿಲ್ಲ. ಲಕೋಟೆಯ ಹೊರಗೆ ನಿಮ್ಮ ಹೆಸರು, ವಿಳಾಸ ಬೇಡ. ಒಳಗೆ ಬೇಕೇ ಬೇಕು. ಅನಾಮಧೇಯ ಪತ್ರ ಈ ನಿರ್ಣಯದಡಿ ನಡೆಯುವುದಿಲ್ಲ. ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟರೆ ಅದನ್ನು ತೆಗೆದಿಟ್ಟು ಉಳಿದದ್ದನ್ನು ಮುಂದಕ್ಕೆ ಕಳಿಸುವುದು ಸುಲಭ.

ಸಂಸದರಿಗೊಂದು, ಪತ್ರಿಕೆಗೊಂದು ಪ್ರತಿ ಕಳಿಸುವ ಚಪಲ ಬಿಡಿ. ಸ್ವೀಕೃತಿ ಪತ್ರವೂ ಬರುವುದಿಲ್ಲ. ದೂರು ನಿಮ್ಮದೇ ಹೌದೇ ಎಂದು ಆಯೋಗ ಕೇಳಿದಾಗ ಉತ್ತರಿಸಿ, ಸುಮ್ಮನಿರಿ. ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೂ ಅವಕಾಶವಿದೆ.

ದೂರಿನ ಕಾರಣಕ್ಕೇ ವರ್ಗಾವಣೆ, ಕಿರುಕುಳ ಶುರುವಾದರೆ ಮತ್ತೆ ಅದೇ ಆಯೋಗಕ್ಕೆ ಅರ್ಜಿ ಹಾಕಬಹುದು.

ಖಾಸಗಿ ಕಂಪನಿಯಲ್ಲಿ

2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಪಡೆದವು ದೂರು ವ್ಯವಸ್ಥೆ ಇಡಲೇಬೇಕು. ತೀರಾ ಅಗತ್ಯ ಬಿದ್ದರೆ ನೇರವಾಗಿ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ತಲುಪಲು ದಾರಿಯೂ ಇರಬೇಕು. ವಿವರ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ, ಹುಡುಕಿ.

ಇನ್ನು ಮಾಲೀಕರು, ಮ್ಯಾನೇಜರುಗಳಿಗೆ ಎರಡು ಮಾತು. ಎಚ್‌ಆರ್ ಕ್ಯಾಬಿನ್ನಿನ ಎದುರು, ಸಿಸಿಟಿವಿ ಕೆಳಗೆ ದೂರು ಪೆಟ್ಟಿಗೆ ತೂಗುಹಾಕಿ ‘ನಮ್ಮಲ್ಲಿ ದೂರೇ ಇಲ್ಲ’ ಎಂದು ಬೀಗುವವರನ್ನು ಏನೆನ್ನಬೇಕು? ದೂರು ಬಂದ ಕೂಡಲೇ ‘ಯಾರು ಬರೆದದ್ದು?’ ಎಂದು ವಿಚಾರಿಸಲು ಹೊರಟರೆ ಮುಂದಿನ ದೂರು ಬರುವುದೇ ಇಲ್ಲ. ಹೆಸರು ಗೊತ್ತಿರುವವರು ಇಬ್ಬರಿಗಿಂತ ಹೆಚ್ಚಿರಬಾರದು, ಆರೋಪ ಹೊತ್ತವರ ಕೈಕೆಳಗಿನವರಂತೂ ಅವರಲ್ಲಿ ಇರಲೇಬಾರದು. ದೂರುದಾರರ ಮುಂದಿನ ಇನ್‌ಕ್ರಿಮೆಂಟ್, ವರ್ಗಾವಣೆಯ ಕಾಗದಕ್ಕೆ ಆ ಇಬ್ಬರಲ್ಲೊಬ್ಬರು ಕಣ್ಣು ಹಾಯಿಸಿಯೇ ಸಹಿ ಬೀಳಲಿ.

ರಾಜ್ಯ ಸರ್ಕಾರಿ ಕಚೇರಿಗಳ ಅಕ್ರಮಕ್ಕೆ ದೆಹಲಿಯ ಲಕೋಟೆ ಉಪಯೋಗಕ್ಕೆ ಬಾರದು. ಅದಕ್ಕೆ ಲೋಕಾಯುಕ್ತವೇ ಗತಿ. ಅಲ್ಲಿ ನಿಗದಿತ ನಮೂನೆಯ ಜೊತೆ ಅಫಿಡವಿಟ್ಟೂ ಬೇಕು, ವಕೀಲರೊಬ್ಬರನ್ನು ಮೊದಲೇ ಕಂಡು ಹೋಗಿ.