ಬೂದಿ ಸಿಮೆಂಟಿನ ಸ್ಲ್ಯಾಬಿಗೆ ನೀರು ಹೀಗೆ ಹಿಡಿಸಿ

ಕಲಬುರಗಿಯ ಸೇಡಂ ರಸ್ತೆ ಕಡೆ ನಾನು ಮೊದಲ ಮನೆ ಕಟ್ಟಿಸಿದ್ದು ಮೇ ತಿಂಗಳಲ್ಲಿ. ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟು. ಏಳೇ ದಿನಕ್ಕೆ ನೀರು ಹಾಕುವುದನ್ನು ನಿಲ್ಲಿಸಿದೆ. ಸ್ಲ್ಯಾಬಿನ ಮೇಲೆ ಕೂದಲೆಳೆ ಬಿರುಕು! ತಪ್ಪು ಸಿಮೆಂಟಿನದಲ್ಲ, ನನ್ನದೇ.

ಪಿಪಿಸಿಯಲ್ಲಿ ಕಲ್ಲಿದ್ದಲು ಉರಿಸಿ ಉಳಿದ ಹಾರುಬೂದಿ 15ರಿಂದ 35 ಪರ್ಸೆಂಟ್ ಇರುತ್ತದೆ. ಸಿಮೆಂಟು ನೀರಿನ ಜೊತೆ ಸೇರಿದಾಗ ಸುಣ್ಣ ಹೊರಬರುತ್ತದೆ. ಬೂದಿ ಆ ಸುಣ್ಣದ ಜೊತೆ ನಿಧಾನವಾಗಿ ಗಟ್ಟಿಯಾಗುತ್ತದೆ. ಈ ಕೆಲಸಕ್ಕೆ ನೀರು ಬೇಕೇ ಬೇಕು. ನೀರು ಆರಿದರೆ ಬೂದಿ ಸುಮ್ನೆ ಕೂತುಬಿಡುತ್ತದೆ, ಅಷ್ಟೇ.

ಹಾಗಾಗಿ ಸಂಜೆ ಕಾಂಕ್ರೀಟ್ ಹಾಕಿಸಿ. ಗಟ್ಟಿಯಾಗುವವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಮಾರನೇ ದಿನ ಗಾರೆಯಿಂದ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿ. ನಮ್ಮ ಬಿಸಿಲಿಗೆ ಚೀಲ ಗಂಟೆಯೊಳಗೆ ಒಣಗುತ್ತದೆ, ಮಧ್ಯಾಹ್ನವೂ ನೋಡಿ. 14 ದಿನ ನೀರು ಹಿಡಿಸುವುದನ್ನು ಬಿಡಬೇಡಿ.

ಮಿಶ್ರಣಕ್ಕೆ ಜಾಸ್ತಿ ನೀರು ಸುರಿಯಲು ಮೇಸ್ತ್ರಿಗೆ ಬಿಡಬೇಡಿ, ಬಲ ಕಡಿಮೆಯಾಗುತ್ತದೆ. ಪಿಪಿಸಿಗೆ ಮತ್ತೆ ಬೂದಿ ಬೆರೆಸಲೂಬೇಡಿ. ಬಲ ಪರೀಕ್ಷೆಗೆ ಅದೇ ಕಾಂಕ್ರೀಟಿನ 150 ಮಿಮೀ ಕ್ಯೂಬ್ ಮಾಡಿಸಿ, 7ನೇ ದಿನ ಬಲ ಕಮ್ಮಿ ಕಂಡರೆ ಗಾಬರಿ ಬೇಡ. 28ನೇ ದಿನದ್ದೇ ಲೆಕ್ಕ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡುವವರಿಗೆ ಮಾತ್ರ, ಎಂಜಿನಿಯರ್ ಹೇಳುವ ತನಕ, ಚಹಾ ಕುಡಿಸುತ್ತಾ ಇರಿ.